ನಾನು ಓದದೆ ಬಿಟ್ಟ ಸಾಲು

ಬಾಗೂರು ಸಂತೆಯ ಪಕ್ಕದ ಟೀ ಅಂಗಡಿಯಲ್ಲಿ ಮೊದಲು ಮೂಗಿಗೆ ಬಂದದ್ದು ವಾಸನೆ. ಆಮೇಲೆ ಕಿವಿಗೆ ಬಿದ್ದದ್ದು ನನ್ನದೇ ದನಿ.

ಆಷಾಢ ಮುಗಿದು ನಾಲ್ಕೈದು ದಿನ ಆಗಿತ್ತು. ಚನ್ನರಾಯಪಟ್ಟಣದಿಂದ ಪಶು ಆಹಾರದ ಮೂಟೆಗಳನ್ನು ನನ್ನ ಗೂಡ್ಸ್ ಆಟೊದಲ್ಲಿ ತಂದು ಬಾಗೂರಿನಲ್ಲಿ ಇಳಿಸಿದ್ದೆ. ಜಿಟಿ ಮಳೆ. ಬೆಂಚಿನ ಮೇಲೆ ನನ್ನ ಪಕ್ಕ ಕೂತಿದ್ದವರು ಹಳೆಯ ಪೇಪರಿನಲ್ಲಿ ಸುತ್ತಿದ್ದ ಏನನ್ನೋ ಬಿಚ್ಚಿ ಜೊತೆಯವನಿಗೆ ತೋರಿಸಿದರು. ಶುಂಠಿ ಗಿಡ. ಎಲೆಯ ತುದಿ ಹಳದಿ, ಬುಡ ನೀರು ಕುಡಿದ ಬಟ್ಟೆಯ ಹಾಗೆ ಮೆತ್ತಗೆ. ಕೊಳೆತ ಶುಂಠಿಯ ವಾಸನೆ ಒಂದು ಸಲ ಮೂಗಿಗೆ ಹೊಕ್ಕರೆ ಮರೆಯುವುದಿಲ್ಲ. ಒಳ್ಳೆಯ ಶುಂಠಿಯ ಖಾರದ ಘಮ ಎಲ್ಲೋ ಹಿಂದೆ ಇರುತ್ತದೆ, ಅದರ ಮುಂದೆ ಸತ್ತ ಇಲಿಯಂಥ ನಾತ.

“ತೆಂಗಿನ ಮಧ್ಯ ಹಾಕಿದ್ದೆ ಕಣ್ಲಾ. ಮೂಲೇಲಿ ನಾಕು ಬುಡ ಇಂಗಾಗವೆ,” ಅಂದರು ಅವರು. “ಭಯ ಬೀಳೋ ಅಂಥದ್ದೇನಿಲ್ಲ. ಅರಕಲಗೂಡಿನೋನು ಒಬ್ಬ ಏಳವ್ನೆ, ಕೇಳಿಲ್ಲಿ.”

ಮೊಬೈಲ್ ಒತ್ತಿದರು.

“ನಮಸ್ಕಾರ ಕಣ್ರಪ್ಪೋ, ಅರಕಲಗೂಡಿನ ಮಲ್ಲೇಶ ಮಾತಾಡ್ತಾ ಇವ್ನಿ. ಶುಂಠಿ ಎಂಗೈತೆ?”

ದನಿಯ ಹಿಂದೆ ಟಾರ್ಪಾಲಿನ ಮೇಲೆ ಮಳೆ ಹೊಡೆಯುವ ಸದ್ದು. ಆ ಮಳೆ ನಾಲ್ಕು ವರ್ಷದ ಹಿಂದಿನದು. ಯಾವ ರಸ್ತೆಯ ಬದಿ, ಯಾವ ಮರದ ಕೆಳಗೆ ಬಿದ್ದದ್ದು ಎಂದೂ ಹೇಳಬಲ್ಲೆ. ಮೊದಲ ಸಾಲಿನಲ್ಲಿ ಇದು ಕೊಳೆ ರೋಗದ ಕಾಲ ಎಂದಿದೆ. ಎರಡನೆಯ ಸಾಲಿನಲ್ಲಿ ಒಂದು ಕಂಪನಿಯ ಪುಡಿಯನ್ನು ಕೊಟ್ಟಿಗೆ ಗೊಬ್ಬರದ ಜೊತೆ ಬೆರೆಸಿ ಬುಡಕ್ಕೆ ಹಾಕಿ ಎಂದಿದೆ. ಆಮೇಲೆ ಒಂದು ಸಣ್ಣ ಕೆಮ್ಮು. ಕೆಮ್ಮಿನ ನಂತರ ಪುಡಿ ಎಲ್ಲೆಲ್ಲಿ ಸಿಗುತ್ತದೆ ಎನ್ನುವ ನಾಲ್ಕನೆಯ ಸಾಲು. ಮೂರನೆಯ ಸಾಲು ಇರಬೇಕಾಗಿದ್ದ ಜಾಗದಲ್ಲಿ ನಾನು ಕೆಮ್ಮಿದ್ದೇನೆ.

“ಎಷ್ಟ್ ಚೆನ್ನಾಗೇಳ್ತಾನೆ ನೋಡು, ನಮ್ಮನೆ ಮನುಷ್ಯನಂಗೆ,” ಅಂದರು ಅವರು.

ನಾನು ಟೀ ಅರ್ಧಕ್ಕೇ ಬಿಟ್ಟು ಎದ್ದು ಬಂದೆ.

ಏಳನೇ ಕ್ಲಾಸಿನವರೆಗೆ ಹೋದವನು ನಾನು. ಇದನ್ನು ಬರೆಯಲು ಮೂರು ವಾರ ಹಿಡಿಯಿತು. ಗೊತ್ತಿರುವ ಒಬ್ಬ ಮೇಷ್ಟ್ರ ಕೈಲಿ ತಪ್ಪು ತಿದ್ದಿಸಿದ್ದೇನೆ. ಅಕ್ಷರದ ತಪ್ಪುಗಳನ್ನು ಮಾತ್ರ.

ಅರಕಲಗೂಡಿನ ಹತ್ತಿರದ ಹಳ್ಳಿಯಲ್ಲಿ ನಮ್ಮದೊಂದು ಸಣ್ಣ ದಿನಸಿ ಅಂಗಡಿ ಇತ್ತು. ನಾನು ದೊಡ್ಡವನು, ತಂಗಿ ಶೈಲ ನನಗಿಂತ ಎರಡು ವರ್ಷ ಚಿಕ್ಕವಳು. ನನಗೆ ಓದು ಹತ್ತಲಿಲ್ಲ. ಪುಸ್ತಕ ತೆರೆದರೆ ಅಕ್ಷರಗಳು ಒಂದರ ಮೇಲೊಂದು ಹತ್ತಿ ಕೂತ ಹಾಗೆ ಕಾಣುತ್ತಿದ್ದವು. ಮೇಷ್ಟ್ರು ಎದ್ದು ನಿಂತು ಓದು ಎಂದರೆ ಮೈ ಬೆವರುತ್ತಿತ್ತು, ಹಿಂದಿನ ಬೆಂಚಿನವರು ಮೊದಲೇ ನಗಲು ಶುರುಮಾಡುತ್ತಿದ್ದರು. ಇದನ್ನು ಕಂಡುಹಿಡಿದವಳು ಶೈಲ. ಸಂಜೆ ಅಂಗಡಿಯ ಹಿಂದೆ ಬೆಲ್ಲದ ಪಿಂಡಿಗಳ ಮೇಲೆ ಕೂತು ನನ್ನ ಪಾಠವನ್ನು ಅವಳು ಗಟ್ಟಿಯಾಗಿ ಓದುವಳು. ಎರಡು ಸಲ ಕೇಳಿದರೆ ನನಗೆ ಬಾಯಿಗೆ ಬರುತ್ತಿತ್ತು. ಮಾರನೆಯ ದಿನ ಪುಸ್ತಕ ಹಿಡಿದು, ಕಣ್ಣು ಸಾಲಿನ ಮೇಲೆ ಆಡಿಸುತ್ತಾ, ನೆನಪಿನಿಂದ ಒಪ್ಪಿಸುತ್ತಿದ್ದೆ. ಹಾಳೆ ತಿರುಗಿಸುವ ಜಾಗವನ್ನೂ ಅವಳೇ ಹೇಳಿಕೊಟ್ಟಿದ್ದಳು.

ಈ ಗುಟ್ಟು ನಮ್ಮಿಬ್ಬರದು. ಅಪ್ಪ ಅವ್ವನಿಗೂ ಗೊತ್ತಾಗಲಿಲ್ಲ. ಒಂದು ದಿನ ಮೇಷ್ಟ್ರು ಮಧ್ಯದ ಪುಟ ತೆಗೆದುಕೊಟ್ಟು ಇಲ್ಲಿಂದ ಓದು ಎಂದರು. ಅವತ್ತೇ ನಾನು ಶಾಲೆ ಬಿಟ್ಟದ್ದು. ಅಂಗಡಿಗೆ ಆಳು ಬೇಕು ಎಂದು ಮನೆಯಲ್ಲಿ ಸುಳ್ಳು ಹೇಳಿದೆ. ಅಪ್ಪ ನಂಬಿದರು. ಶೈಲ ನಂಬಲಿಲ್ಲ, ಆದರೆ ಯಾರಿಗೂ ಹೇಳಲಿಲ್ಲ.

ಅವಳು ಹಾಸನದಲ್ಲಿ ಡಿಗ್ರಿ ಮಾಡಿದಳು. ಎರಡು ಮೂರು ಕಡೆ ಸಣ್ಣಪುಟ್ಟ ಕೆಲಸ ಆದಮೇಲೆ ಹಾಸನದಲ್ಲೇ ಬೇಸಾಯದ ಔಷಧಿ, ಗೊಬ್ಬರ ಮಾಡುವ ಒಂದು ಕಂಪನಿ ಸೇರಿದಳು. ಹೆಸರು ಬೇಡ. ಎರಡು ವರ್ಷದಲ್ಲಿ ಅವಳನ್ನು ಕಂಟೆಂಟ್ ಮಾರ್ಕೆಟಿಂಗ್ ಮ್ಯಾನೇಜರ್ ಮಾಡಿದರು. ಅವ್ವ ಆ ಹೆಸರನ್ನು ಹೇಳಲು ಒಂದು ವಾರ ಅಭ್ಯಾಸ ಮಾಡಿ ಕೊನೆಗೆ “ಮ್ಯಾನೇಜರು” ಅನ್ನುವಷ್ಟಕ್ಕೇ ನಿಲ್ಲಿಸಿದಳು.

“ಅದೇನ್ ಕೆಲ್ಸವ್ವ? ಗೊಬ್ಬರ ಮಾರೋದಾ?” ಎಂದು ನಾನು ಶೈಲನನ್ನು ಕೇಳಿದ್ದೆ.

“ಮಾರೋರು ಬೇರೆ ಅವ್ರೆ ಕಣಣ್ಣ. ನಾನು ಜನಕ್ಕೆ ಬೇಕಾದ ಮಾತು ಹೇಳ್ತೀನಿ. ಯಾವಾಗ ಮಣ್ಣು ಏರಿಸ್ಬೇಕು, ಎಲೆ ಯಾಕೆ ಹಳದಿ ಆಯ್ತದೆ, ಅಂಥದ್ದು. ನಮ್ಮ ಮಾತಿನಿಂದ ಅವ್ರಿಗೆ ಉಪಯೋಗ ಆದ್ರೆ ನಾಳೆ ಸಾಮಾನು ಬೇಕಾದಾಗ ನಮ್ಮನ್ನೇ ಹುಡುಕ್ಕೊಂಡು ಬತ್ತಾರೆ.”

“ಅಂಗಾದ್ರೆ ಬಾಯ್ಮಾತು ಮಾರೋದು ಅನ್ನು.”

“ಊಂ. ನಿಂಗೆ ಬೇರೆ ಅದು ಬಿಟ್ಟಿ ಬಂದೈತೆ,” ಅಂದಳು.

ಅದು ತಮಾಷೆಗೆ ಹೇಳಿದ ಮಾತು. ಆದರೆ ಅಲ್ಲಿಂದಲೇ ಎಲ್ಲ ಶುರುವಾಯಿತು. ಅವಳು ಬರೆದು ಮೊಬೈಲ್ ಗ್ರೂಪುಗಳಿಗೆ ಹಾಕುತ್ತಿದ್ದುದನ್ನು ರೈತರು ಓದುತ್ತಿರಲಿಲ್ಲ. ಓದಲು ಬರದೆ ಅಲ್ಲ, ಕೈಯಲ್ಲಿ ಕೆಸರು. ಕೇಳುವುದಾದರೆ ಮೊಬೈಲು ಬದುವಿನ ಮೇಲಿಟ್ಟು ಕೇಳಬಹುದು. ಒಬ್ಬ ಓದಿದವನ ದನಿಯಲ್ಲಿ ಮಾಡಿಸಿದಳು. “ರೇಡಿಯೊ ವಾರ್ತೆ ಥರ ಐತೆ” ಅಂದರು, ಯಾರೂ ಪೂರ್ತಿ ಕೇಳಲಿಲ್ಲ. ಆಗ ನನ್ನನ್ನು ಕೇಳಿದಳು. ನಾನು ಆ ಹೊತ್ತಿಗೆ ಗೂಡ್ಸ್ ಆಟೊ ಓಡಿಸುತ್ತಿದ್ದೆ. ಶುಂಠಿ, ಹೊಗೆಸೊಪ್ಪು, ಜೋಳ ಎಲ್ಲ ಹೇರುತ್ತಿದ್ದೆ, ತಾಲ್ಲೂಕಿನ ಅರ್ಧ ಜನ ಗೊತ್ತಿದ್ದರು.

ಹಳೆಯ ಕ್ರಮವೇ. ಅವಳು ಹೇಳಬೇಕಾದ್ದನ್ನು ತಾನು ಓದಿ ಆಡಿಯೊ ಮಾಡಿ ನನಗೆ ಕಳಿಸುವಳು. ಎರಡು ಸಲ ಕೇಳುವೆನು. ಆಟೊದ ಕ್ಯಾಬಿನಿನಲ್ಲಿ ಕೂತು ನನ್ನ ಮಾತಿನಲ್ಲಿ ಹೇಳಿ ಅವಳಿಗೆ ಕಳಿಸುವೆನು. ಅವಳು ಪೂರ್ತಿ ಕೇಳಿ, ಸರಿ ಇದ್ದರೆ ಗ್ರೂಪುಗಳಿಗೆ ಬಿಡುವಳು. ಬೆಲ್ಲದ ಪಿಂಡಿ ಒಂದಿರಲಿಲ್ಲ, ಉಳಿದದ್ದೆಲ್ಲ ಅದೇ.

ಒಂದು ವರ್ಷದಲ್ಲಿ ನನಗೆ ಶುಂಠಿ ಮಲ್ಲೇಶ ಎಂದು ಹೆಸರು ಬಂತು. ಲೋಡು ಇಳಿಸಲು ಹೋದ ಕಡೆ ಕಾಫಿ ಕೊಡುವರು. “ನೀವೇನಾ ಸಾ ಅದು? ದನಿ ಕೇಳಿದ್ರೆ ದಪ್ಪಗಿರ್ಬೇಕು ಅನ್ಕಂಡಿದ್ದೆ,” ಎನ್ನುವರು. ನನ್ನನ್ನು ಸಾ ಎಂದು ಕರೆದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ನಾನು ಉಬ್ಬಿದೆ. ಉಬ್ಬಿದ್ದನ್ನು ಒಪ್ಪಿಕೊಳ್ಳದೆ ಮುಂದಿನದು ಅರ್ಥವಾಗುವುದಿಲ್ಲ.

ಆ ವರ್ಷ ಮಳೆ ಬೇಗ ಹಿಡಿಯಿತು. ಜೂನ್ ಮೊದಲ ವಾರ ಶುರುವಾದದ್ದು ಬಿಡುವೇ ಕೊಡಲಿಲ್ಲ. ಹೊಲದ ಬಸಿಗಾಲುವೆಗಳು ತುಂಬಿ ನಿಂತವು. ಶೈಲನ ಆಫೀಸಿನ ಗೋಡೆಯ ಮೇಲೆ ಒಂದು ದೊಡ್ಡ ಹಾಳೆ ಇತ್ತು, ವಾರಕ್ಕೊಂದು ಚೌಕ. ಯಾವ ವಾರ ಯಾವ ಮಾತು ಹೋಗಬೇಕೆಂದು ಬಣ್ಣದ ಪೆನ್ನಿನಲ್ಲಿ ಬರೆದಿದ್ದಳು. ಕೊಳೆ ರೋಗದ ಚೌಕಗಳು ಕೆಂಪು. ಆ ಸಲ ಕೆಂಪು ಬಣ್ಣ ಮೂರು ವಾರ ಮೊದಲೇ ಬಂತು.

ಅವಳಿಗೆ ಒಂದು ನಿಯಮ ಇತ್ತು. ನಮ್ಮ ಸಾಮಾನಿನಿಂದ ಏನು ಆಗುವುದಿಲ್ಲವೋ ಅದನ್ನು ಹೇಳದೆ ಏನು ಆಗುತ್ತದೆ ಎಂದು ಹೇಳಬಾರದು. ಕಂಪನಿಯ ಪುಡಿಯೋ, ರೋಗ ಬರುವ ಮುಂಚೆ ಹಾಕುವಂಥದ್ದು. ಬಂದಮೇಲೆ ಹಾಕಿದರೆ ಪ್ರಯೋಜನವಿಲ್ಲ. ಬಂದ ಗಿಡವನ್ನು ಗಡ್ಡೆ, ಮಣ್ಣು ಸಮೇತ ಕಿತ್ತು ಹೊಲದಿಂದ ಆಚೆ ಸಾಗಿಸಬೇಕು, ಅಲ್ಲಿಯ ನೀರು ಬೇರೆ ಬೆಡ್ಡಿಗೆ, ಅಂದರೆ ಮಣ್ಣು ಏರಿಸಿದ ಬೇರೆ ಮಡಿಗೆ, ಹರಿಯದ ಹಾಗೆ ಕಟ್ಟಬೇಕು. ಪುಡಿ ಹಾಕಿ ವಾಸಿಯಾದೀತು ಎಂದು ಕಾದರೆ ಇಡೀ ಹೊಲ ಹೋಗುತ್ತದೆ. ಇದನ್ನು ಹೇಳಲೇಬೇಕೆಂದು ಅವಳು ಹಟ ಹಿಡಿದಳು. ಕಂಪನಿ ನಡೆಸುವ ಎಂ.ಡಿ. ಒಪ್ಪಲಿಲ್ಲ.

ಕಂಪನಿಯವರು ಸಾಲಗಾಮೆ ಹತ್ತಿರ ಒಂದು ತುಂಡು ಹೊಲದಲ್ಲಿ ಪ್ರಯೋಗಕ್ಕೆ ಶುಂಠಿ ಬೆಳೆದಿದ್ದರು. ಅಲ್ಲಿಗೆ ಗೊಬ್ಬರ ಸಾಗಿಸಿದ ದಿನ ಆ ಜಗಳವನ್ನು ನಾನು ಕಣ್ಣಾರೆ ನೋಡಿದೆ. ಎಂ.ಡಿ. ಛತ್ರಿ ಹಿಡಿದಿದ್ದರು, ಇವಳು ನೆನೆಯುತ್ತಾ ನಿಂತಿದ್ದಳು.

“ರೋಗ ಬಂದ್ಮೇಲೆ ತಾನೇ ಜನ ಔಷಧಿ ಹುಡ್ಕೋದು ಶೈಲಾ? ಆಗ ಹೋಗಿ ಇದು ಕೆಲ್ಸ ಮಾಡಲ್ಲ ಅಂದ್ರೆ ನಿಮಗೆ ಸಂಬಳ ಯಾರು ಕೊಡ್ತಾರೆ?”

“ಸರ್, ಇವತ್ತು ಪುಡಿ ತಗೊಂಡೋರು ಹೊಲ ಕಳ್ಕೊಂಡ್ರೆ ಮುಂದಿನ ವರ್ಷ ನಮ್ಮ ಒಂದು ಮಾತೂ ಕೇಳಲ್ಲ. ಈ ಸಾಲು ಇಲ್ದೆ ನಾನು ಏನೂ ಕಳ್ಸಲ್ಲ.”

ಕೊನೆಗೆ ಎಂ.ಡಿ., “ಡಾಕ್ಟ್ರು ಬರೆದುಕೊಟ್ಟರೆ ಹಾಕಿ,” ಅಂದರು. ಡಾಕ್ಟ್ರು ಅಂದರೆ ಕಂಪನಿಯಲ್ಲಿದ್ದ ಕೃಷಿ ಓದಿದವರು. ವಾಪಸು ಬರುವಾಗ ಶೈಲ ಆಟೊದಲ್ಲಿ ನನ್ನ ಪಕ್ಕ ಕೂತು ಸೀರೆಯ ಸೆರಗು ಹಿಂಡಿಕೊಂಡಳು. “ಗೆದ್ದೆ ಕಣಣ್ಣ,” ಅಂದಳು. ಅವಳು ಗೆದ್ದೆ ಅಂದದ್ದನ್ನು ನಾನು ಕೇಳಿದ್ದು ಅದೇ ಕೊನೆ.

ಅದೇ ದಾರಿಯಲ್ಲಿ ಇನ್ನೊಂದು ಮಾತು ಬಂತು. ಅವಳಿಗೆ ಕೆಲಸ ಹೆಚ್ಚಾಗಿತ್ತು. ಅರಕಲಗೂಡು, ಹೊಳೆನರಸೀಪುರದ ಜೊತೆಗೆ ಚನ್ನರಾಯಪಟ್ಟಣದ ತೆಂಗಿನವರನ್ನೂ ಅವಳಿಗೇ ಹಚ್ಚಿದ್ದರು. “ನಿಂಗೆ ಆಡಿಯೊ ಮಾಡಿ ಕಳಿಸಕ್ಕೂ ನಂಗೆ ಪುರಸೊತ್ತಿಲ್ಲ,” ಎಂದಳು.

“ಇನ್ಮೇಲೆ ಆಡಿಯೊ ಬ್ಯಾಡ ಬುಡು. ಬರೆದೇ ಕಳ್ಸು,” ಅಂದೆ ನಾನು.

ಅವಳು ನನ್ನ ಮುಖ ನೋಡಿದಳು. “ಓದ್ಕತೀಯಾ?”

“ಈಗ ಓದ್ತೀನಿ ಕಣವ್ವ. ದಿನಾ ಪೇಪರ್ ನೋಡ್ತೀನಲ್ಲ.”

ಪೇಪರಿನಲ್ಲಿ ನಾನು ನೋಡುತ್ತಿದ್ದುದು ಚಿತ್ರ. ಶುಂಠಿ ಮಲ್ಲೇಶ ಅನ್ನಿಸಿಕೊಂಡವನಿಗೆ ತಂಗಿ ಪಾಠ ಓದಿ ಹೇಳುವುದು ಅವಮಾನ ಎನ್ನಿಸಿತ್ತು. ಅವಳು ಎಷ್ಟು ಖುಷಿಪಟ್ಟಳೆಂದರೆ, ಆ ಖುಷಿ ನೋಡಿದ ಮೇಲೆ ಸುಳ್ಳು ವಾಪಸು ತೆಗೆದುಕೊಳ್ಳಲು ಆಗಲಿಲ್ಲ.

ನಾಲ್ಕು ದಿನ ಬಿಟ್ಟು ಬರಹ ಬಂತು. ಶೈಲ ಚನ್ನರಾಯಪಟ್ಟಣದಲ್ಲಿ ಮೂರು ದಿನದ ಸಭೆಯಲ್ಲಿದ್ದಳು. ನೀನೇ ಹೇಳಿ ನೇರ ಗ್ರೂಪಿಗೆ ಹಾಕ್ಬುಡು ಎಂದು ಬೆಳಿಗ್ಗೆ ಫೋನು ಮಾಡಿದಳು. ಅರಕಲಗೂಡಿನಿಂದ ಹೊರಗೆ, ರಸ್ತೆ ಬದಿಯ ಹುಣಸೇಮರದ ಕೆಳಗೆ ಆಟೊ ನಿಲ್ಲಿಸಿದೆ. ಕ್ಯಾಬಿನ್ ಸೋರುತ್ತಿತ್ತು, ಮೇಲೆ ಟಾರ್ಪಾಲು ಎಳೆದಿದ್ದೆ. ಮಳೆ ಧೋ ಎಂದು ಹೊಡೆಯುತ್ತಿತ್ತು. ಮೊದಲ ಸಾಲನ್ನು ಬೆರಳಿಟ್ಟು ಓದಿದೆ. ಎರಡನೆಯದನ್ನೂ. ಅವೆರಡೂ ಶೈಲನ ಮಾತು, ನಮ್ಮ ಮನೆಯ ಮಾತು, ಅರ್ಧ ಓದಿದರೆ ಉಳಿದರ್ಧ ತಾನೇ ಬರುತ್ತಿತ್ತು. ಮೂರನೆಯದು ಡಾಕ್ಟ್ರು ಬರೆದದ್ದು. ಸೋಂಕಿನ ಲಕ್ಷಣಗಳು ಪ್ರತ್ಯಕ್ಷವಾದಲ್ಲಿ ಎಂದು ಶುರುವಾಗಿ ನಿಷ್ಪ್ರಯೋಜಕ ಎನ್ನುವಲ್ಲಿಗೆ ಹೋಗುವ ಐದು ಗೆರೆ. ನಾನು ಮೊದಲ ಪದದ ಹತ್ತಿರವೇ ನಿಂತೆ. ಎರಡು ಸಲ, ಮೂರು ಸಲ ನೋಡಿದೆ. ಬೆವರು ಬಂತು. ಆ ಆಟೊದಲ್ಲಿ ನನ್ನ ಹೊರತು ಯಾರೂ ಇರಲಿಲ್ಲ, ಆದರೂ ಹಿಂದಿನ ಬೆಂಚಿನವರು ನಕ್ಕ ಹಾಗಾಯಿತು.

ಆ ಸಾಲಿನಲ್ಲಿ ಇರುವುದು ಏನೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿರಬೇಕಿತ್ತು. ಸಾಲಗಾಮೆಯಲ್ಲಿ ಕಿವಿಯಾರೆ ಕೇಳಿದ್ದೆ. ಒಂದು ನಿಮಿಷ ಯೋಚಿಸಿದ್ದರೆ ಹೊಳೆಯುತ್ತಿತ್ತು. ಆದರೆ ಓದಲಾರದವನ ತಲೆ ಆ ಹೊತ್ತಿನಲ್ಲಿ ಬೇರೆ ಏನನ್ನೂ ಯೋಚಿಸುವುದಿಲ್ಲ, ಆ ಪುಟದಿಂದ ಎದ್ದು ಓಡುವುದೊಂದೇ. ಯಾರನ್ನಾದರೂ ಕೇಳಬಹುದಿತ್ತು. ಶೈಲನಿಗೆ ಫೋನು ಮಾಡಿದ್ದರೆ ಎರಡು ನಿಮಿಷದ ಕೆಲಸ. ಮಾಡಲಿಲ್ಲ. ಹೇಳುತ್ತಾ ಹೋದೆ, ಆ ಜಾಗ ಬಂದಾಗ ಕೆಮ್ಮಿದೆ, ನಾಲ್ಕನೆಯ ಸಾಲಿಗೆ ದಾಟಿದೆ. ಗ್ರೂಪುಗಳಿಗೆ ಹಾಕಿದೆ.

ಸಂಜೆ ಅವಳು ಸಭೆಯ ನಡುವೆಯೇ ಫೋನು ಮಾಡಿದಳು. “ಮೂರನೆ ಸಾಲು ಹೇಳ್ದಾ ಅಣ್ಣ?”

“ಏಳ್ದೆ ಏಳ್ದೆ.”

“ಸರಿ ಬುಡು,” ಅಂದಳು. ಪ್ರತಿಯೊಂದನ್ನೂ ಕೇಳಿಯೇ ಬಿಡುತ್ತಿದ್ದವಳು ಅದೊಂದನ್ನು ಕೇಳಲಿಲ್ಲ. ಅವಳದೂ ಒಂದು ತಪ್ಪು ಇದ್ದರೆ ಅದೇ, ನನ್ನನ್ನು ನಂಬಿದ್ದು.

ಪುಟ್ಟತಾಯಮ್ಮನ ಹೊಲ ಅರಕಲಗೂಡಿನಿಂದ ಏಳೆಂಟು ಮೈಲಿ. ಐವತ್ತು ದಾಟಿದ ಹೆಂಗಸು, ಗಂಡನಿಗೆ ಕಾಲು ಸರಿ ಇಲ್ಲ, ಬೇಸಾಯ ಎಲ್ಲ ಅವರದೇ. ಅವರು ಯಾವತ್ತೂ ಹೊರಗಿನ ಬಿತ್ತನೆ ಶುಂಠಿ ಕೊಂಡವರಲ್ಲ. ಅತ್ತೆಯ ಕಾಲದಿಂದ ಮನೆಯಲ್ಲೇ ಕಾಪಾಡಿಕೊಂಡು ಬಂದ ಬಿತ್ತನೆ. ಪ್ರತಿ ವರ್ಷ ಒಳ್ಳೆಯ ಗಡ್ಡೆ ಆರಿಸಿ, ನೆರಳಲ್ಲಿ ಗುಂಡಿ ತೆಗೆದು, ಎಲೆ ಮುಚ್ಚಿ ಇಡುತ್ತಿದ್ದರು. ಸಣ್ಣ ಗಡ್ಡೆ, ಆದರೆ ಮುರಿದರೆ ಕಣ್ಣಲ್ಲಿ ನೀರು ಬರುವಷ್ಟು ಖಾರ. ನಾನು ಲೋಡಿಗೆ ಹೋದಾಗಲೆಲ್ಲ ಸೊಂಟದ ಚೀಲದಿಂದ ಮೊಬೈಲ್ ತೆಗೆದು, “ನಿನ್ನ ಇಲ್ಲೇ ಕಟ್ಕಂಡಿವ್ನಿ ಕಣಪ್ಪ,” ಎಂದು ನಗುತ್ತಿದ್ದರು.

ಅವರ ಹೊಲದ ಮೇಲಿನ ಮೂಲೆಯಲ್ಲಿ ಐದಾರು ಬುಡ ಹಳದಿಯಾಗಿದ್ದವು. ನೆರೆಯವರು ಕಿತ್ತು ಹಾಕಿ ಎಂದರಂತೆ. “ಮಲ್ಲೇಶ ಕೀಳು ಅಂದಿಲ್ಲ, ಪುಡಿ ಹಾಕು ಅಂದವ್ನೆ,” ಎಂದು ಇವರು ಪುಡಿ ತಂದು ಹಾಕಿ ಕಾದರು. ಹತ್ತೇ ದಿನ. ಮೇಲಿನ ಮೂಲೆಯ ನೀರು ಇಡೀ ಹೊಲಕ್ಕೆ ಇಳಿಯುತ್ತಿತ್ತು.

ನಾನು ನೋಡುವಾಗ ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆದರೆ ಗಿಡ ಕೈಗೇ ಬರುತ್ತಿತ್ತು, ಗಡ್ಡೆ ಮಣ್ಣಿನಲ್ಲೇ ಗಂಜಿಯಾಗಿತ್ತು. ಮುಂದಿನ ವರ್ಷದ ಬಿತ್ತನೆಗೆ ಎಂದು ಬಿಡಲು ಒಂದು ಹಿಡಿ ಗಡ್ಡೆಯೂ ಉಳಿಯಲಿಲ್ಲ. ಅಂಥದೇ ಕೆಟ್ಟ ಸುದ್ದಿ ಇನ್ನೂ ಹಲವು ಹೊಲಗಳಿಂದ ಬಂತು.

ಒಂದು ಬುಧವಾರ ಬೆಳಿಗ್ಗೆ ಆ ಹೊಲಗಳವರೆಲ್ಲ ಸೇರಿ ಹಾಸನದ ಆಫೀಸಿಗೆ ಬಂದರು. ಕಂಪನಿಯವರು ನನ್ನನ್ನೂ ಕರೆಸಿದರು. ಪುಟ್ಟತಾಯಮ್ಮ ಒಂದು ಗೊಬ್ಬರದ ಚೀಲ ತಂದಿದ್ದರು. ಅದನ್ನು ಎಂ.ಡಿ. ರೂಮಿನ ನೆಲದ ಮೇಲೆ ಸುರಿದರು. ಆ ತಣ್ಣನೆಯ ಎ.ಸಿ. ರೂಮು ನಾತದಿಂದ ತುಂಬಿಹೋಯಿತು. ಯಾರೋ ಕಿಟಕಿ ತೆಗೆಯಲು ಎದ್ದರು.

“ತೆಗೀಬ್ಯಾಡ ಕಣಯ್ಯ, ಇರ್ಲಿ,” ಅಂದರು ಪುಟ್ಟತಾಯಮ್ಮ. “ನಾವು ದಿನಾ ಇದ್ರಲ್ಲೇ ಇವ್ವಿ. ನೀವೂ ಒಂದೀಟು ಕುಡೀರಿ.”

ಆಮೇಲೆ ಶೈಲನ ಕಡೆ ತಿರುಗಿದರು. “ಇದ್ನೆಲ್ಲ ಬರ್ಯೋಳು ನೀನೇ ಅಲ್ವಾ ತಾಯಿ? ಎಂಗೆ ಮನ್ಸು ಬತ್ತವ್ವ ನಿಂಗೆ? ಪುಡಿ ಮಾರಕ್ಕೆ ನಮ್ಮನೆ ಬಿತ್ತನೆ ಕಳೆದ್ಬುಟ್ಯಲ್ಲ.”

ಶೈಲ ಎರಡು ದಿನ ಮುಂಚೆಯೇ ಆ ಆಡಿಯೊ ಕೇಳಿದ್ದಳು, ಕೇಳಿದ ಕೂಡಲೇ ಗ್ರೂಪುಗಳಿಗೆಲ್ಲ ಸರಿಯಾದ ಮಾತು ಹಾಕಿದ್ದಳು. ನನಗೆ ಫೋನು ಮಾತ್ರ ಮಾಡಿರಲಿಲ್ಲ. ಎಂ.ಡಿ. ಕೇಳಿದರು, ಆ ಸಾಲು ಎಲ್ಲಿ ಹೋಯಿತು ಎಂದು. ಅದನ್ನು ಬೇಡವೆಂದವರು ತಾವೇ ಎನ್ನುವುದು ಅವರಿಗೆ ಮರೆತಿತ್ತು. “ನಾನು ಬರೆದುಕೊಟ್ಟಿದ್ದೇನೆ, ಕಾಗದ ಇದೆ,” ಎಂದರು ಡಾಕ್ಟ್ರು. ಉಳಿದವರು ಇಬ್ಬರೇ, ಕಳಿಸಿದವಳು ಮತ್ತು ಓದಿದವನು.

“ಮಲ್ಲೇಶ್, ನಿಮಗೆ ಬಂದ ಬರಹದಲ್ಲಿ ಆ ಸಾಲು ಇತ್ತಾ?” ಎಂದರು ಎಂ.ಡಿ.

ಎಲ್ಲರೂ ನನ್ನನ್ನೇ ನೋಡಿದರು. ಇತ್ತು ಎಂದರೆ ಮುಂದಿನ ಪ್ರಶ್ನೆ ಯಾಕೆ ಹೇಳಲಿಲ್ಲ ಎನ್ನುವುದು. ಆ ಪ್ರಶ್ನೆಗೆ ನನ್ನ ಹತ್ತಿರ ಇದ್ದ ಉತ್ತರ ಒಂದೇ. ಅದನ್ನು ಅಷ್ಟು ಜನರ ಮುಂದೆ, ನನ್ನನ್ನು ಸಾ ಎಂದವರ ಮುಂದೆ ಹೇಳಬೇಕಿತ್ತು.

“ಇರ್ನಿಲ್ಲ ಸಾ,” ಅಂದೆ.

ಶೈಲನ ಮೊಬೈಲು ಅವಳ ಕೈಯಲ್ಲೇ ಇತ್ತು. ಅವಳು ಅದನ್ನು ತೆರೆದಳು. ಅವಳು ಕಳಿಸಿದ ಬರಹ ಅದರಲ್ಲಿ ಇದೆ, ಈಗ ಎತ್ತಿ ತೋರಿಸುತ್ತಾಳೆ ಎಂದುಕೊಂಡೆ. ನನ್ನನ್ನು ನೋಡಿದಳು. ಸಿಟ್ಟಿನ ನೋಟ ಆಗಿದ್ದರೆ ನನಗೆ ಇಷ್ಟು ದಿನ ಸುಲಭವಾಗುತ್ತಿತ್ತು. ಮೇಷ್ಟ್ರು ಮಧ್ಯದ ಪುಟ ತೆಗೆದುಕೊಟ್ಟ ದಿನ ನಾನು ಮನೆಗೆ ಬಂದಾಗ ಹೇಗೆ ನೋಡಿದ್ದಳೋ ಹಾಗೆ ನೋಡಿದಳು. ಅವಳಿಗೆ ಆಗಲೇ ಎಲ್ಲ ಗೊತ್ತಾಗಿತ್ತು. ಮೊಬೈಲನ್ನು ಮೇಜಿನ ಮೇಲೆ ಮಗುಚಿ ಇಟ್ಟಳು.

“ನಾನೇ ಬಿಟ್ಟೆ ಸರ್. ಉದ್ದ ಆಗುತ್ತೆ ಅಂತ.”

ಹೊರಗೆ ಮೆಟ್ಟಿಲ ಹತ್ತಿರ ನಾನು “ಶೈಲ” ಎಂದೆ. ಅವಳು ನಿಲ್ಲಲಿಲ್ಲ.

ಆ ವಾರವೇ ಅವಳ ಕೆಲಸ ಹೋಯಿತು. ಹಾಸನ ಚಿಕ್ಕ ಊರು, ಅವಳ ಕೆಲಸ ಮಾಡುವವರು ಅದರಲ್ಲಿ ಇನ್ನೂ ಕಡಿಮೆ. ಸುಳ್ಳು ಹೇಳಿ ರೈತರ ಬೆಳೆ ಕೆಡಿಸಿದವಳು ಎಂಬ ಮಾತು ಅವಳಿಗಿಂತ ಮುಂಚೆ ಎಲ್ಲ ಬಾಗಿಲಿಗೂ ಹೋಗಿ ನಿಲ್ಲುತ್ತಿತ್ತು. ಒಂದು ವರ್ಷ ಅಲೆದಳು. ಈಗ ಹೊಳೆನರಸೀಪುರದ ಒಂದು ಬಟ್ಟೆ ಅಂಗಡಿಯಲ್ಲಿ ಬಿಲ್ ಬರೆಯುತ್ತಾಳೆ. ಅವ್ವನನ್ನು ನೋಡಲು ಬರುತ್ತಾಳೆ, ನಾನು ಬಾಡಿಗೆಗೆ ಹೋಗಿರುವ ಹೊತ್ತು ನೋಡಿಕೊಂಡು. ಅವ್ವ ಕೇಳುತ್ತಾಳೆ, “ನಿಮ್ಮಿಬ್ರಿಗೂ ಏನ್ಲಾ ಬಂದಿರೋದು?” ಏನೂ ಇಲ್ಲ ಎನ್ನುತ್ತೇನೆ.

ಅವಳ ಬರಹದ ಕೆಳಗೆ ಇನ್ನೆರಡು ಗೆರೆ ಇದ್ದದ್ದು ನನಗೆ ಗೊತ್ತಾದದ್ದು ಎಷ್ಟೋ ತಿಂಗಳ ಮೇಲೆ. ಅವಳು ಹೋದಮೇಲೆ ನಾನು ಓದಲು ಕೂತೆ, ಈ ಸಲ ನಿಜವಾಗಿ. ದಿನಸಿ ಪೊಟ್ಟಣದ ಕಾಗದ, ಬಸ್ಸಿನ ಬೋರ್ಡು, ಪೇಪರಿನ ದೊಡ್ಡ ಅಕ್ಷರ, ಆಮೇಲೆ ಸಣ್ಣ ಅಕ್ಷರ. ಮೊಬೈಲಿನಲ್ಲಿ ಉಳಿದಿದ್ದ ಆ ಬರಹವನ್ನು ಒಂದು ಮಧ್ಯಾಹ್ನ ಪೂರ್ತಿ ಓದಿದೆ. ಕೊನೆಯಲ್ಲಿ ಹೀಗಿತ್ತು: “ಅಣ್ಣ, ಮೂರನೆ ಸಾಲು ಡಾಕ್ಟ್ರು ಕಷ್ಟ ಮಾಡಿ ಬರೆದಿದ್ದಾರೆ. ನಿನ್ನ ಮಾತಿನಲ್ಲಿ ಹೇಳು. ಬಿಡಬೇಡ.”

ಪುಟ್ಟತಾಯಮ್ಮನ ಮನೆಗೆ ಹೋಗಲು ನನಗೆ ಮತ್ತೊಂದು ವರ್ಷ ಬೇಕಾಯಿತು. ಅವರು ಈಗ ಜೋಳ ಹಾಕುತ್ತಾರೆ. ಜಗಲಿಯಲ್ಲಿ ಕೂತು ನಡೆದದ್ದನ್ನು ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬಹಳ ಹೊತ್ತು ಅವರು ಜೋಳದ ಕಾಳು ಬಿಡಿಸುವುದನ್ನು ನಿಲ್ಲಿಸಲಿಲ್ಲ.

“ನಾನು ಅಷ್ಟು ಬೈದು ಬಂದ ವಾರವೇ ಆ ಎಣ್ಣುಮಗ ಬಂದಿತ್ತು ಕಣಪ್ಪ ಇಲ್ಲಿಗೆ,” ಅಂದರು. “ಎರಡು ದಿನ ನನ್ ಜೊತೇಲಿ ಕೆಸರಲ್ಲಿ ನಿಂತು ಕೊಳೆತ ಬುಡ ಎಲ್ಲ ಕಿತ್ತಾಕ್ತು. ನಾನು ಮಾತಾಡುಸ್ನಿಲ್ಲ. ನೀರೂ ಕೊಡ್ನಿಲ್ಲ. ಅದೂ ಒಂದು ಮಾತು ಏಳ್ನಿಲ್ಲ.” ಕೈಲಿದ್ದ ತೆನೆ ಕೆಳಗಿಟ್ಟು, “ನೀರಾದ್ರೂ ಕೊಡ್ಬೇಕಿತ್ತು. ಅದ್ನೂ ನನ್ನಿಂದ ತಪ್ಪುಸ್ಬುಟ್ಟೆ ನೀನು. ಎದ್ದೋಗು,” ಅಂದರು.

ಬಾಗೂರಿನ ಟೀ ಅಂಗಡಿಯಿಂದ ಎದ್ದು ಬಂದ ದಿನ ನಾನು ಸೀದಾ ಮನೆಗೆ ಹೋಗಲಿಲ್ಲ. ಚನ್ನರಾಯಪಟ್ಟಣ ದಾಟಿದ ಮೇಲೆ ಆಟೊವನ್ನು ಹೊಳೆನರಸೀಪುರದ ಕಡೆ ತಿರುಗಿಸಿದೆ. ಶೈಲ ಅಂಗಡಿಯ ಬಾಗಿಲ ಹತ್ತಿರ ಒಂದು ಸಣ್ಣ ಮೇಜಿನ ಹಿಂದೆ ಕೂತಿದ್ದಳು. ತಲೆಯಲ್ಲಿ ಬಿಳಿ ಕೂದಲು ಕಂಡಿತು. ನಾನು ಒಳಗೆ ಹೋಗಿ, ಗಿರಾಕಿಗಳು ಇದ್ದ ಹಾಗೆಯೇ, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಆ ಆಡಿಯೊ ಇನ್ನೂ ಓಡಾಡುತ್ತಿದೆ, ಒಬ್ಬರು ಅದನ್ನು ಕೇಳುತ್ತಿದ್ದರು, ಅವತ್ತು ನಾನು ಓದಲು ಬರದೆ ಬಿಟ್ಟೆ, ನಿನ್ನ ಮೇಲೆ ಹಾಕಿದೆ, ನನ್ನದೇ ತಪ್ಪು ಕಣವ್ವ ಎಂದೆ.

ಅವಳು ಬಿಲ್ ಪುಸ್ತಕದಿಂದ ತಲೆ ಎತ್ತಲಿಲ್ಲ. “ಆ ಮನುಷ್ಯನ ಶುಂಠಿಗೆ ರೋಗ ಬಂದಿತ್ತಾ?”

“ಬಂದಿತ್ತು. ಮೂಲೇಲಿ ನಾಕು ಬುಡ.”

“ಅವ್ರಿಗೆ ಹೇಳ್ದಾ, ಕೀಳಿ ಅಂತ?”

“ಇಲ್ಲ ಕಣವ್ವ. ಎದ್ದು ಬಂದ್ಬುಟ್ಟೆ.”

ಆಗ ತಲೆ ಎತ್ತಿದಳು. “ನಂಗ್ಯಾಕೆ ಹೇಳಕ್ಕೆ ಬಂದೆ ಅಣ್ಣ? ನಂಗೆ ಅವತ್ತೇ ಗೊತ್ತು. ಅವ್ರಿಗೆ ಗೊತ್ತಿಲ್ಲ.”

ಹಿಂದೆ ನಿಂತಿದ್ದ ಗಿರಾಕಿ ಚೀಟಿ ಮುಂದೆ ಚಾಚಿದರು. ಅವಳು ಅದನ್ನು ತೆಗೆದುಕೊಂಡು ಬರೆಯತೊಡಗಿದಳು.

ನಾನು ಅಲ್ಲಿಂದಲೇ ಬಾಗೂರಿಗೆ ವಾಪಸು ಹೋದೆ. ಸಂತೆ ಕರಗಿತ್ತು. ಟೀ ಅಂಗಡಿಯವನಿಗೆ ಅವರ ಹೆಸರು ಗೊತ್ತಿರಲಿಲ್ಲ. ಮುಂದಿನ ಎರಡು ಸಂತೆಗೂ ಹೋಗಿ ಆ ಟೀ ಅಂಗಡಿಯ ಬಾಗಿಲಲ್ಲಿ ನಿಂತೆ. ಅವರು ಬರಲಿಲ್ಲ. ಅಷ್ಟು ಹೊತ್ತಿಗೆ ನಾಲ್ಕು ಬುಡ ಎಷ್ಟಾಗಿರಬೇಕೆಂದು ನನಗೆ ಗೊತ್ತು.

ನನ್ನ ದನಿಯನ್ನು ಎಲ್ಲಿಂದಲೂ ವಾಪಸು ಕರೆಸಲು ಆಗುವುದಿಲ್ಲ. ಪ್ರತಿ ಮಳೆಗಾಲ ಅದು ಯಾರ ಮೊಬೈಲಿನಲ್ಲೋ ಏಳುತ್ತದೆ, ನಮಸ್ಕಾರ ಹೇಳುತ್ತದೆ, ಆ ಜಾಗಕ್ಕೆ ಬಂದು ಕೆಮ್ಮುತ್ತದೆ. ಕೆಮ್ಮಿದ ಜಾಗದಲ್ಲಿ ಹೇಳಬೇಕಾಗಿದ್ದದ್ದು ಇದು. ನನ್ನ ತಂಗಿ ಮಳೆಯಲ್ಲಿ ನಿಂತು ಜಗಳವಾಡಿ ಗೆದ್ದ ಸಾಲು. ನಿನ್ನ ಮಾತಿನಲ್ಲಿ ಹೇಳು ಅಂದಿದ್ದಳು.

“ಎಲೆ ಹಳದಿ ಆಗಿ ಬುಡ ಮೆತ್ತಗಾಗಿದ್ರೆ ಈ ಪುಡಿ ಹಾಕ್ಬ್ಯಾಡಿ ಕಣ್ರಪ್ಪ, ಅದ್ರಿಂದ ಏನೂ ಆಗಕಿಲ್ಲ. ಕಾಯಬ್ಯಾಡಿ. ಆ ಗಿಡವ ಗಡ್ಡೆ ಮಣ್ಣು ಸಮೇತ ಇವತ್ತೇ ಕಿತ್ತು ಹೊಲದಿಂದ ಆಚಿಕ್ಕೆ ಸಾಗ್ಸಿ. ಅಲ್ಲಿ ನೀರು ಇನ್ನೊಂದು ಬೆಡ್ಡಿಗೆ ಓಗ್ದಂಗೆ ಕಟ್ಟಿ. ನಾಕು ಬುಡ ಓದ್ರೆ ಓಗ್ಲಿ, ಉಳಿದದ್ದು ಉಳೀತದೆ.”